ಸೇಬ್ರಾಗೆ ಕ್ರೆಸ್ಸಿಯ ಹೌಡಿ

ಹೋದ ತಿಂಗಳು ನಮ್ಮ ಮನೆಯ ಹಳೆಯ ಕಾಗದಗಳನ್ನು ನೋಡಲು ವಿಶ್ವವಿದ್ಯಾಲಯದ ಮೇಷ್ಟ್ರೊಬ್ಬರು ಬಂದಿದ್ದರು. ಗಿಲ್‌ಕ್ರೈಸ್ಟ್ ಎಂದು ಹೆಸರು. ಕತ್ತು ತಿರುಗಿಸಲಾಗದಷ್ಟು ಬಿಗಿಯಾದ ಕಾಲರು, ಎಳೆಯ ಮೀಸೆ, ತುಂಬ ಮರ್ಯಾದೆಯ ಮನುಷ್ಯ. ಅಟ್ಟದಿಂದ ಇಳಿಸಿದ ತಗಡಿನ ಪೆಟ್ಟಿಗೆಯ ಮುಂದೆ ದೇವರ ಮುಂದೆ ಕೂತ ಹಾಗೆ ಕೂತು ಮೂರು ದಿನ ಓದಿದರು. ನನ್ನ ಅಜ್ಜ ಈ ನದಿಯ ದಂಡೆಯ ಕಾಡು ಕಡಿಸಿ ಹತ್ತಿ ಹಾಕಿಸಿದ ಕಾಲದಿಂದ ಹಿಡಿದು, ಉತ್ತರದವರೊಡನೆ ಯುದ್ಧ ಸೋತು ಐದು ವರ್ಷವಾಗುವವರೆಗಿನ ಕಾಗದಗಳು ಅದರಲ್ಲಿವೆ. ಮೂರನೆಯ ದಿನ ಸಂಜೆ ಕನ್ನಡಕ ಒರೆಸಿಕೊಳ್ಳುತ್ತಾ, ಇಷ್ಟು ಪೂರ್ಣವಾದ ಸಂಗ್ರಹ ಅಲಬಾಮಾದಲ್ಲೇ ಇನ್ನೊಂದಿಲ್ಲ, ಒಂದು ಮಾತೂ ಕಳೆದುಹೋಗಿಲ್ಲ ಎಂದರು. ನಾನು ಅಂಜೂರದ ಮುರಬ್ಬದ ಬಟ್ಟಲನ್ನು ಅವರ ಮುಂದೆ ಸರಿಸಿ ಮಾತು ಬದಲಿಸಿದೆ.

ಹೊರಡುವಾಗ ಅವರು ಒಂದು ಕೆಲಸ ಹೇಳಿ ಹೋದರು. ಪೆಟ್ಟಿಗೆಯ ಮೇಲೆ ಇಡಲು ಮನೆತನದ ಬಗ್ಗೆ ನಾಲ್ಕು ಪುಟ ಬರೆದುಕೊಡಬೇಕಂತೆ. ಅಜ್ಜನ ಸಾಹಸ, ಅಜ್ಜಿಯ ಗುಲಾಬಿ ತೋಟ, ಟೆಕ್ಸಸ್‌ಗೆ ಹೋದ ಜೊಸಾಯ ಮಾವನ ದಂಡು, ಇಂಥವು. ಮೂರು ವಾರದಿಂದ ಬರೆಯಲು ಕೂರುತ್ತಿದ್ದೇನೆ. ಅಜ್ಜನ ಹೆಸರು ಬರೆದು ಮುಗಿಸುವಷ್ಟರಲ್ಲಿ ಮಗ್ಗದ ಮನೆಯ ಕ್ರೆಸ್ಸಿ ಬಂದು ಎದುರಿಗೆ ನಿಲ್ಲುತ್ತಾಳೆ. ಹಾಗಾದರೆ ಅವಳದೇ ಬರೆಯುತ್ತೇನೆ. ಮೇಷ್ಟ್ರಿಗೆ ಬೇಡವಾದರೆ ಪೆಟ್ಟಿಗೆಯೂ ಇಲ್ಲೇ ಇರಲಿ. ಇಲಿಗಳಿಗೂ ಓದಲು ಏನಾದರೂ ಬೇಕು.

ನನಗೆ ಈಗ ಅರವತ್ತೇಳು. ಮದುವೆಯಾಗಲಿಲ್ಲ. ನನ್ನ ಅಕ್ಷರ ಚಿಕ್ಕಂದಿನಿಂದಲೂ ಮುತ್ತು ಪೋಣಿಸಿದ ಹಾಗಿತ್ತು, ಆ ಅಕ್ಷರದಿಂದಲೇ ನಾನು ಕೆಟ್ಟೆ ಎಂದು ಹೇಳಿದರೆ ಊರವರು ನಗುತ್ತಾರೆ. ನಗಲಿ.

ನಮ್ಮ ಕಾಗದಗಳಲ್ಲಿ ‘ಗುಲಾಮರು’ ಎಂಬ ಮಾತನ್ನು ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲ. ‘ನಮ್ಮ ಜನ’ ಎನ್ನುತ್ತಿದ್ದೆವು, ‘ಆಳುಗಳು’ ಎನ್ನುತ್ತಿದ್ದೆವು. ಸಂಬಳವಿಲ್ಲದ, ಬಿಟ್ಟುಹೋಗುವ ಹಾಗಿಲ್ಲದ, ಹೊಡೆದರೆ ಕೇಳುವವರಿಲ್ಲದ ಆಳುಗಳು. ಮನೆಯ ತುಂಬ ಹೆಂಗಸರು ಬೈಬಲ್ ಓದಿಕೊಂಡಿದ್ದೆವು, ಆ ಇನ್ನೊಂದು ಮಾತು ಬರೆಯಲು ನಮಗೆ ನಾಚಿಕೆಯಾಗುತ್ತಿತ್ತು. ಇಟ್ಟುಕೊಳ್ಳಲು ಮಾತ್ರ ನಾಚಿಕೆಯಾಗಲಿಲ್ಲ.

ಕ್ರೆಸ್ಸಿ ಹುಟ್ಟಿದ್ದು ವರ್ಜೀನಿಯಾದಲ್ಲಿ. ಒಂಬತ್ತು ವರ್ಷದವಳಿದ್ದಾಗ ಯಾರೋ ವ್ಯಾಪಾರಿ ಅವಳನ್ನು ಇನ್ನೂ ನಲವತ್ತು ಜನರ ಜೊತೆ ನಡೆಸಿಕೊಂಡು ಇಲ್ಲಿಗೆ ತಂದ. ತಾಯಿ ಅಲ್ಲೇ ಉಳಿದಳು. ಆಮೇಲೆ ತಾಯಿಯಿಂದ ಒಂದು ಸುದ್ದಿಯಿಲ್ಲ, ಇವಳಿಂದ ಅಲ್ಲಿಗೂ ಇಲ್ಲ. ನಾನು ನೋಡುವ ಹೊತ್ತಿಗೆ ಕ್ರೆಸ್ಸಿ ನಲವತ್ತರ ಹೆಂಗಸು, ಎತ್ತರದ ಆಳು, ಎಡಗೈಯ ಹೆಬ್ಬೆರಳು ಲಾಳಿ ಹಿಡಿದು ಹಿಡಿದು ಸೊಟ್ಟಗಾಗಿತ್ತು. ಹಿತ್ತಲಿನ ಮಗ್ಗದ ಮನೆಯಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ನೇಯುತ್ತಿದ್ದಳು. ಹೊಲದವರ ಅಂಗಿ, ಚಡ್ಡಿ, ಕಂಬಳಿ ಎಲ್ಲ ಅವಳ ಕೈಯದೇ. ನಾಲಿಗೆಯೂ ಲಾಳಿಯಷ್ಟೇ ಚುರುಕು. ಮೇಸ್ತ್ರಿ ಬ್ರಾನನ್ ತನ್ನ ಚಲ್ಲಣ ಹೊಲಿಗೆ ಬಿಟ್ಟಿತೆಂದು ಕೂಗಾಡಿಕೊಂಡು ಬಂದರೆ, ಅವಳು ಮಗ್ಗದಿಂದ ತಲೆಯೆತ್ತದೆ, “ನನ್ನ ಬಟ್ಟೆ ನಿಮಗೆ ಮೋಸ ಮಾಡಿಲ್ಲ ಸ್ವಾಮಿ, ನಿಮ್ಮ ಹೊಟ್ಟೆ ಬಟ್ಟೆಗೆ ಮೋಸ ಮಾಡೈತೆ” ಅಂದಳು. ಬ್ರಾನನ್‌ನೇ ನಕ್ಕುಬಿಟ್ಟ. ಅಂಥ ಮಾತು ಬೇರೆ ಯಾರಾದರೂ ಆಡಿದ್ದರೆ ಬೆನ್ನು ಸುಲಿಯುತ್ತಿತ್ತು.

ಗಂಡ ಆಬ್ರಮ್ ಪಕ್ಕದ ತೋಟದವನು, ಶನಿವಾರಕ್ಕೊಮ್ಮೆ ಬಂದು ಹೋಗುತ್ತಿದ್ದ, ಮರ ಬಿದ್ದು ಸತ್ತ. ಹೆತ್ತ ಐದರಲ್ಲಿ ಉಳಿದವಳು ಒಬ್ಬಳೇ ಮಗಳು, ಸೇಬ್ರಾ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಅಮ್ಮನ ಪಕ್ಕ ಕೂತು ನೂಲಿನ ಉಂಡೆ ಸುತ್ತುತ್ತಿದ್ದಳು, ಸುತ್ತುತ್ತಾ ಕೆಮ್ಮುತ್ತಿದ್ದಳು. ಹಳದಿ ಲಂಗವೊಂದನ್ನು ಭಾನುವಾರ ಮಾತ್ರ ಹಾಕುತ್ತಿದ್ದಳು. ಅವಳ ಬಗ್ಗೆ ನನಗೆ ನೆನಪಿರುವುದು ಅಷ್ಟೇ. ನಾಲ್ಕು ವರ್ಷ ನನ್ನ ಕೂದಲು ಹೆಣೆದವಳ ಬಗ್ಗೆ ನನಗೆ ಗೊತ್ತಿರುವುದು ಇಷ್ಟು.

ನನಗೆ ಹದಿಮೂರು ತುಂಬಿದ ಚಳಿಗಾಲದಲ್ಲಿ ಜೊಸಾಯ ಮಾವ ಟೆಕ್ಸಸ್‌ನ ಬ್ರಾಜೋಸ್ ನದಿಯ ಮೇಲೆ ಹೊಸ ಜಮೀನು ಮಾಡಿಕೊಂಡು ಹೊರಟ. ಅವನ ಪಾಲಿಗೆಂದು ಅಜ್ಜಿ ಹನ್ನೆರಡು ಜನರನ್ನು ಕೊಟ್ಟಳು. ಅವನ ಹೆಂಡತಿ ಥಿಯೊಡೋಷಿಯಾ ಅತ್ತೆಗೆ ಇಸ್ತ್ರಿಗೆ ಒಬ್ಬಳು ಬೇಕಿತ್ತು, ಸೇಬ್ರಾ ಹನ್ನೆರಡನೆಯವಳಾದಳು. ಗಾಡಿ ಹೊರಟಾಗ ಕ್ರೆಸ್ಸಿ ಬೇಲಿಯ ದಣಪೆಯವರೆಗೆ ಹಿಂದೆ ಹೋದಳು, ಆಮೇಲೆ ತಿರುಗಿ ಬಂದು ಮಗ್ಗಕ್ಕೆ ಕೂತಳು. ಆ ದಿನ ಅಜ್ಜಿ ಬರೆಸಿದ ಕಾಗದ ಪೆಟ್ಟಿಗೆಯಲ್ಲಿದೆ, ಮೇಷ್ಟ್ರು ನೋಡಬಹುದು. ‘ನಮ್ಮ ಜನ ಎಲ್ಲ ನಗುನಗುತ್ತಾ ಹೊರಟರು’ ಎಂದಿದೆ. ಅಕ್ಷರ ನನ್ನದು.

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಬರುವ ಕಾಗದ ಓದಿ ಹೇಳುವುದು, ಹೋಗುವ ಕಾಗದ ಬರೆಯುವುದು ನನ್ನ ಕೆಲಸ. ಆಗಿನ ಕಾಗದಗಳಿಗೆ ಒಂದು ಬಾಲವಿರುತ್ತಿತ್ತು. ಮಳೆ, ಬೆಳೆ, ಜ್ವರ, ಪ್ರವಚನ, ಟೊಪ್ಪಿಗೆ ಎಲ್ಲ ಮುಗಿದ ಮೇಲೆ ಕೊನೆಯ ಅಂಚಿನಲ್ಲಿ ನಮ್ಮ ಜನರು ಅಲ್ಲಿಯ ತಮ್ಮವರಿಗೆ ಹೇಳಿಕಳಿಸುವ ಮಾತು ಬರೆಯುತ್ತಿದ್ದರು. ಅದಕ್ಕೆ ಹೌಡಿ ಎನ್ನುತ್ತಿದ್ದರು. ಅವರಿಗೆ ಓದು ಬರಹ ಕಲಿಸುವುದು ಕಾನೂನಿಗೆ ವಿರುದ್ಧ, ಆದ್ದರಿಂದ ತಾಯಿ ಮಗಳಿಗೆ, ಗಂಡ ಹೆಂಡತಿಗೆ ಒಂದು ಮಾತು ಮುಟ್ಟಿಸಬೇಕಾದರೆ ನಮ್ಮ ಕಾಗದದ ಬಾಲವೇ ಗತಿ. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಹಿಂದಿನ ಜಗಲಿಯಲ್ಲಿ ನಾನು ಮೇಜು ಹಾಕಿಕೊಂಡು ಕೂರುತ್ತಿದ್ದೆ. ಅವರು ಮೆಟ್ಟಿಲ ಕೆಳಗೆ ಸಾಲಾಗಿ ನಿಲ್ಲುತ್ತಿದ್ದರು. ಅಲ್ಲಿಂದ ಬಂದ ಹೌಡಿ ಓದಿ ಹೇಳಿ, ಇಲ್ಲಿಯದು ಬರೆದುಕೊಳ್ಳುವುದು ವಾಡಿಕೆ.

ಮೊದಲ ಶನಿವಾರ ಕ್ರೆಸ್ಸಿ ಹೇಳಿದ್ದನ್ನೆಲ್ಲ ಬರೆದೆ. ಎಂಟು ಸಾಲಾಯಿತು. ಅಜ್ಜಿಗೆ ಓದಿ ಹೇಳಿದರೆ ಅವಳು ಊರುಗೋಲು ಕುಟ್ಟಿದಳು.

“ನಾವೇನು ಇವರಿಗೋಸ್ಕರ ಅಂಚೆ ಮನೆ ಇಟ್ಟಿದ್ದೀವಾ, ಹೆಟ್ಟಿ? ‘ಆಳುಗಳೆಲ್ಲ ಹೌಡಿ ಹೇಳಿದ್ದಾರೆ’ ಅಂತ ಒಂದು ಸಾಲು ಹಾಕು, ಸಾಕು. ಉಳಿದ ಜಾಗದಲ್ಲಿ ಗುಲಾಬಿ ಕಡ್ಡಿ ನೆಡೋದು ಹೇಗೆ ಅಂತ ಬರಿ.”

ಹಾಳೆಯನ್ನು ಹರಿದು ಮತ್ತೊಂದು ಬರೆದೆ. ಅಲ್ಲಿಯವರೆಗಿನ ತಪ್ಪು ಅಜ್ಜಿಯದೆನ್ನಿ. ಮುಂದಿನದು ನನ್ನದು. ಕೆಳಗೆ ನಿಂತವರಿಗೆ, ಇನ್ನು ಮೇಲೆ ನಿಮ್ಮ ಮಾತು ಹೋಗುವುದಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ತಿಂಗಳ ಶನಿವಾರ ಕ್ರೆಸ್ಸಿ ಕೈಕಟ್ಟಿ ನಿಂತು ಹೇಳತೊಡಗಿದಾಗ, ನಾನು ಮಸಿಯಲ್ಲಿ ಅದ್ದದ ಲೇಖನಿಯನ್ನು ರದ್ದಿ ಕಾಗದದ ಮೇಲೆ ಆಡಿಸುತ್ತಾ ಹೋದೆ. ಕೆಳಗಿನಿಂದ ಅವಳಿಗೆ ಕೈ ಮಾತ್ರ ಕಾಣುತ್ತಿತ್ತು. ನಿಧಾನವಾಗಿ, ನಾನು ಬರೆದುಕೊಳ್ಳಲು ಹೊತ್ತು ಕೊಟ್ಟು, ಒಂದೊಂದೇ ಮಾತು ಹೇಳುತ್ತಿದ್ದಳು. ಮಧ್ಯೆ ನಿಂತು, “ಅದನ್ನ ಹಾಕಿದ್ರಾ, ಹೆಟ್ಟಿಯಮ್ಮೋರೆ?” ಎಂದು ಕೇಳುತ್ತಿದ್ದಳು. ಹಾಕಿದೆ ಎನ್ನುತ್ತಿದ್ದೆ. ಐದು ವರ್ಷಕ್ಕೂ ಹೆಚ್ಚು ಕಾಲ, ತಿಂಗಳಿಗೊಮ್ಮೆ, ನಾನು ಆ ಒಣ ಲೇಖನಿ ಆಡಿಸಿದ್ದೇನೆ.

ಟೆಕ್ಸಸ್‌ನಿಂದ ಉತ್ತರ ಬಂತು. ಥಿಯೊಡೋಷಿಯಾ ಅತ್ತೆಯೂ ನಮ್ಮ ಅಜ್ಜಿಯ ಜಾತಿಯೇ. ‘ಇಲ್ಲಿಯ ಆಳುಗಳ ಹೌಡಿ’ ಎಂದು ಒಂದು ಸಾಲು. ಜಗಲಿಯಲ್ಲಿ ಕೂತು ಅದನ್ನೇ ಓದಿದೆ. ಕ್ರೆಸ್ಸಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, “ನನ್ನ ಮಗಳು ಏನಂದಳು?” ಎಂದಳು. ಅಷ್ಟೇ ಎಂದು ಹೇಳಲು ಬಾಯಿ ಬರಲಿಲ್ಲ. ಸೇಬ್ರಾ ಆರೋಗ್ಯವಾಗಿದ್ದಾಳಂತೆ ಎಂದೆ. ಅವಳ ಮುಖ ಹೇಗೆ ಬೆಳಗಿತೆಂದರೆ, ನನಗೆ ಅದು ನಾನೇ ಕೊಟ್ಟ ಉಡುಗೊರೆ ಅನಿಸಿತು.

ನಾಲಿಗೆಗೆ ಎಲುಬಿಲ್ಲ. ಮುಂದಿನ ತಿಂಗಳು ಸೇಬ್ರಾಳ ಕೆಮ್ಮು ವಾಸಿಯಾಯಿತು. ಅದರ ಮುಂದಿನ ತಿಂಗಳು ಅವಳು ಇಸ್ತ್ರಿ ಕೋಣೆಯ ಹಿಂದೆ ಸಿಹಿಗೆಣಸು ಹಾಕಿದಳು. ಒಂದು ಮೋಟುಬಾಲದ ನಾಯಿ ಸಾಕಿದಳು. ನಾನು ಆಗ ಕದ್ದು ಕಾದಂಬರಿ ಓದುತ್ತಿದ್ದೆ, ಸೇಬ್ರಾ ನನ್ನ ಕಾದಂಬರಿಯಾದಳು. ಓದುವಾಗ ಕಾಗದವನ್ನು ಮುಖದ ಮುಂದೆ ಹಿಡಿದು, ಅಲ್ಲಲ್ಲಿ ತಡವರಿಸಿ, ಅತ್ತೆಯ ಅಕ್ಷರ ಬಿಡಿಸಲಾಗದವಳ ಹಾಗೆ ನಟಿಸುತ್ತಿದ್ದೆ. ನನ್ನ ಕಸುಬಿನ ಮೇಲೆ ನನಗೇ ಹೆಮ್ಮೆಯಾಗುತ್ತಿತ್ತು. ಎರಡನೆಯ ವರ್ಷದ ಕೊನೆಗೆ ಅವಳಿಗೆ ಬಡಗಿಯೊಬ್ಬನ ಜೊತೆ ಮದುವೆ ಮಾಡಿಸಿದೆ. ಮರುವರ್ಷ ಪೀಚ್ ಹಣ್ಣಾಗುವ ಹೊತ್ತಿಗೆ ಒಂದು ಹೆಣ್ಣು ಮಗು ಹುಟ್ಟಿಸಿದೆ.

“ಅಮ್ಮನ ಹೆಸರೇ ಇಟ್ಟಿದ್ದಾಳಂತೆ” ಎಂದು ಓದಿದೆ.

ಕ್ರೆಸ್ಸಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಿಳಿಯರ ಮುಂದೆ ಅವಳು ಕೂತದ್ದು ನಾನು ಕಂಡಂತೆ ಅದೇ ಮೊದಲು. ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ಅತ್ತಳು. ಆಮೇಲೆ, ನನ್ನ ಅಮ್ಮನಿಗೆ ನಾನು ಸತ್ತೆನೋ ಇದ್ದೇನೋ ಗೊತ್ತಾಗಲಿಲ್ಲ, ನನಗೆ ದೇವರು ಹಾಗೆ ಮಾಡಲಿಲ್ಲ ಎಂದಳು. ಆ ದಿನ ನಾನು ಎರಡು ತಟ್ಟೆ ಪೀಚ್ ಕಡುಬು ತಿಂದು ನೆಮ್ಮದಿಯಾಗಿ ಮಲಗಿದ್ದು ನೆನಪಿದೆ.

ಮುಂದಿನ ವಾರ ಅವಳು ನನಗೊಂದು ಪಟ್ಟಿ ನೇಯ್ದು ತಂದಳು. ಎರಡು ಬೆರಳಗಲ, ಎರಡು ಗಜ ಉದ್ದ, ನೀಲಿಯ ಮೇಲೆ ಅಕ್ರೋಟದ ಸಿಪ್ಪೆಯ ಕಂದು ಗೆರೆ. ಟೆಕ್ಸಸ್‌ನ ಕಾಗದಗಳನ್ನು ಕಟ್ಟಿಡಲು. ಮಗಳ ಮಾತು ಒಂದೂ ಚೆಲ್ಲಿಹೋಗಬಾರದು ನೋಡಿ ಎಂದಳು. ಉಳಿದ ನೂಲಿನಲ್ಲಿ ಮೊಮ್ಮಗಳಿಗೆ ಒಂದು ಪುಟ್ಟ ಕಂಬಳಿ ನೇಯ್ದಿದ್ದಳು. ಯಾರಾದರೂ ಆ ಕಡೆ ಹೋಗುವವರಿದ್ದರೆ ಕಳಿಸಬೇಕೆಂದು ಕೇಳಿದಳು. ಆಗಲಿ ಎಂದೆ.

ಮುಂದಿನ ವರ್ಷ ಯುದ್ಧ ಬಂತು. ಅಜ್ಜ ಮೊದಲೇ ಇರಲಿಲ್ಲ, ಅಜ್ಜಿ ಯುದ್ಧದ ಮೂರನೆಯ ವರ್ಷ ತೀರಿಕೊಂಡಳು. ಅದಕ್ಕೂ ಮುಂಚೆ ಮಿಸಿಸಿಪಿ ನದಿ ಉತ್ತರದವರ ಕೈಗೆ ಹೋಗಿ, ಟೆಕ್ಸಸ್‌ನ ಅಂಚೆ ನಿಂತಿತು. ಕಾಗದವಿಲ್ಲದ ಮೇಲೆ ನನ್ನ ಕಾದಂಬರಿಯೂ ನಿಂತಿತು. ನಿಜ ಹೇಳುತ್ತೇನೆ, ನಾನು ಸೇಬ್ರಾಳನ್ನು ಮರೆತೆ.

ಬಿಡುಗಡೆಯ ಸುದ್ದಿ ಬಂದ ಬೇಸಿಗೆಯಲ್ಲಿ ನನಗೆ ಇಪ್ಪತ್ತು. ಅರ್ಧದಷ್ಟು ಜನ ಆಗಲೇ ಹೊರಟುಹೋಗಿದ್ದರು. ಒಂದು ಬೆಳಿಗ್ಗೆ ಕ್ರೆಸ್ಸಿ ಗಂಟು ಕಟ್ಟಿಕೊಂಡು ಹಿಂದಿನ ಜಗಲಿಗೆ ಬಂದಳು. ಟೆಕ್ಸಸ್ ಕಡೆ ಹೋಗುವವರ ಎರಡು ಗಾಡಿ ದಾರಿಯಲ್ಲಿ ಕಾಯುತ್ತಿದ್ದವು. ಜಾಗದ ಹೆಸರು, ನದಿಯ ಹೆಸರು ಕೇಳಿದಳು. ಹೇಳಿದೆ. ಆಮೇಲೆ, ಹೊರಡುವ ಮುಂಚೆ ಆ ಕಾಗದಗಳನ್ನು ಮೊದಲಿನಿಂದ ಒಂದು ಸಲ ಓದಿ ಹೇಳಿ ಎಂದಳು. ಎರಡು ವರ್ಷದಿಂದ ಕೇಳಿಲ್ಲ, ದಾರಿಯುದ್ದಕ್ಕೂ ಮೆಲುಕು ಹಾಕಲು ಬೇಕು ಎಂದಳು.

ನಾನು ಪಟ್ಟಿ ಬಿಚ್ಚಿದೆ. ಒಂದೊಂದೇ ಕಾಗದ ಎತ್ತಿ ಮುಖದ ಮುಂದೆ ಹಿಡಿದೆ. ಏನು ಓದಲಿ? ನಾನು ಹೇಳಿದ ಸುಳ್ಳು ನನಗೆ ನೆನಪಿರಲಿಲ್ಲ. ಅವಳಿಗೆ ಇತ್ತು. ನಾನು ತಡವರಿಸಿದ ಕಡೆಯಲ್ಲೆಲ್ಲ ಅವಳೇ ಮುಂದಿನ ಮಾತು ಹೇಳಿದಳು. ಕೆಮ್ಮು ಹೋದದ್ದು, ಗೆಣಸು ಹಾಕಿದ್ದು, ನಾಯಿಯ ಬಾಲ, ಮದುವೆಗೆ ಹಾಕಿದ ಬಿಳಿ ಟೊಪ್ಪಿಗೆ. ಅವಳು ಹೇಳಿದ್ದನ್ನೇ ನಾನು ಓದಿದಂತೆ ನಟಿಸಿದೆ. ಪೀಚ್ ಹಣ್ಣಿನ ಕಾಲದ ಕಾಗದ ಬಂತು. ಅದರ ಕೆಳಗೆ ಹಿಂದಿನ ವರ್ಷದ ಅಕ್ಟೋಬರ್‌ನದು ಸಿಕ್ಕಿಕೊಂಡಿತ್ತು.

ನಮ್ಮ ಕಾಲದ ಹೆಂಗಸರಿಗೆ ಒಂದು ಅಭ್ಯಾಸವಿತ್ತು. ಹಾಳೆ ತುಂಬಿದ ಮೇಲೂ ಮಾತು ಮುಗಿಯದಿದ್ದರೆ, ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಅಡ್ಡಸಾಲು ಬರೆಯುವುದು. ಓದುವವರಿಗೆ ಕಣ್ಣು ಕಿತ್ತುಬರುತ್ತದೆ. ಅತ್ತೆಯ ಅಡ್ಡಸಾಲೆಂದರೆ ಉಪ್ಪಿನಕಾಯಿ, ಟೊಪ್ಪಿಗೆಯ ಲೇಸು ಎಂದು ನಾನು ಅವನ್ನು ಯಾವತ್ತೂ ಓದುತ್ತಿರಲಿಲ್ಲ. ಆ ಅಕ್ಟೋಬರ್‌ನಲ್ಲಿ ಬಾಗಿಲಲ್ಲಿ ನೆರೆಯವರ ಬಗ್ಗಿ ಗಾಡಿ ಕಾದಿತ್ತು, ಕುಣಿತದ ಕೂಟಕ್ಕೆ ಹೊತ್ತಾಗಿತ್ತು. ನೇರ ಸಾಲು ಓದಿ, ಇಷ್ಟೇ ಅಜ್ಜಿ ಎಂದು ಎದ್ದುಹೋಗಿದ್ದೆ.

ಈಗ ಕ್ರೆಸ್ಸಿಯ ಮುಂದೆ ಹೊತ್ತು ಕಳೆಯಲು ಆ ಹಾಳೆಯನ್ನು ತಿರುಗಿಸಿದೆ. ಪಿಯಾನೋ ಬಂದದ್ದು, ಅದರ ಒಂದು ಕಾಲು ದಾರಿಯಲ್ಲಿ ಮುರಿದದ್ದು ಬರೆದಿತ್ತು. ಆಮೇಲೆ, ‘ಸೆಪ್ಟೆಂಬರ್‌ನಲ್ಲಿ ಜ್ವರದಿಂದ ಸೇಬ್ರಾ ಹೋದಳು, ಕೊನೆಯವರೆಗೂ ಅಮ್ಮ ಏನಾದರೂ ಹೇಳಿಕಳಿಸಿದ್ದಾಳಾ ಎಂದು ಕೇಳುತ್ತಿದ್ದಳು, ಜೊಸಾಯನ ಶರ್ಟುಗಳಿಗೆ ಇನ್ನು ಯಾರನ್ನು ಹುಡುಕಲಿ’ ಎಂದಿತ್ತು. ಆಮೇಲೆ ಲೇಸು.

ಸತ್ತವಳಿಗೆ ನಾನು ಮದುವೆ ಮಾಡಿದ್ದೆ. ಸತ್ತು ಎಂಟು ತಿಂಗಳಾದವಳಿಂದ ಮಗು ಹೆರಿಸಿದ್ದೆ.

ಕ್ರೆಸ್ಸಿ ನನ್ನ ಮುಖ ನೋಡುತ್ತಿದ್ದಳು. “ಯಾಕೆ, ಹೆಟ್ಟಿಯಮ್ಮೋರೆ? ಏನೈತೆ ಅದ್ರಲ್ಲಿ?”

“ಏನಿಲ್ಲ. ಮಸಿ ಮಾಸಿದೆ” ಎಂದೆ.

ಹೇಳಬೇಕಿತ್ತು. ಆ ಕ್ಷಣ, ಆ ಜಗಲಿಯಲ್ಲಿ, ಬಾಯಿ ಬಿಟ್ಟು ಹೇಳಿದ್ದರೆ ಅವಳ ಕಾಲಿಗೆ ಅಷ್ಟು ದೂರದ ದಾರಿ ತಪ್ಪುತ್ತಿತ್ತು. ಅವಳ ದುಃಖ ನೋಡಲಾರದೆ ಸುಮ್ಮನಾದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಅವಳ ಕಣ್ಣಿನಲ್ಲಿ ನಾನು ಒಳ್ಳೆಯವಳಾಗಿ ಉಳಿಯಬೇಕಿತ್ತು, ಅಷ್ಟೇ. ಅಲ್ಲಿ ಯಾರಾದರೂ ಹೇಳಲಿ, ನನ್ನ ಬಾಯಿಂದ ಬೇಡ ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು. ಅವಳು ಆ ಪುಟ್ಟ ಕಂಬಳಿಯನ್ನು ಗಂಟಿನ ಮೇಲುಗಡೆ, ಮಳೆ ಬಂದರೆ ನೆನೆಯದ ಹಾಗೆ ಎಣ್ಣೆಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ಮಗುವಿಗೆ ಈಗ ಐದು ವರ್ಷ, ಕಂಬಳಿ ಚಿಕ್ಕದಾಗುತ್ತೇನೋ ಎಂದು ನನ್ನನ್ನು ಕೇಳಿದಳು. ಆಗಲ್ಲ ಎಂದೆ.

ಒಂದೂವರೆ ವರ್ಷ ಕಳೆಯಿತು. ಫೆಬ್ರವರಿಯ ಒಂದು ಮಧ್ಯಾಹ್ನ ಯಾರೋ ಮುಂಬಾಗಿಲು ತಟ್ಟಿದರು. ತೆರೆದರೆ ಕ್ರೆಸ್ಸಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕಾಲಿಗೆ ಗಂಡಸರ ಬೂಟು. ಹುಟ್ಟಿದಾಗಿನಿಂದ ನಾನು ಕಂಡಂತೆ ಅವಳು ಆ ಮನೆಯ ಮುಂಬಾಗಿಲಿಗೆ ಬಂದವಳಲ್ಲ. ಒಳಗೆ ಬಾ ಎಂದೆ, ಬರಲಿಲ್ಲ.

“ಹೆಟ್ಟಿ” ಎಂದಳು. ಅಮ್ಮೋರೆ ಎನ್ನಲಿಲ್ಲ. “ಮಗು ಎಲ್ಲಿ ಅಂತ ಕೇಳ್ದೆ. ಹುಚ್ಚಿ ಬಂದಳು ಅಂತ ಅಲ್ಲಿಯೋರು ನನ್ನ ಮುಖ ನೋಡಿದ್ರು.”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನೀನು ಸಂತೋಷವಾಗಿರಲಿ ಅಂತ ಮಾಡಿದೆ, ಚಿಕ್ಕವಳಿದ್ದೆ ಎಂದೇನೋ ಗೊಣಗಿದೆ. ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವಳು ಕೇಳಲು ಬಂದದ್ದು ಬೇರೆ.

“ಅವಳು ಅಲ್ಲಿ ಹೋದ್ಮೇಲೆ ಇಪ್ಪತ್ತು ತಿಂಗಳು ಬದುಕಿದ್ಲು. ಇಪ್ಪತ್ತು ಸಲ ನಾನು ನಿನ್ನ ಮುಂದೆ ನಿಂತು ಹೇಳಿದೀನಿ. ಹಳದಿ ಲಂಗದ ಮಾತು, ಕೆಮ್ಮಿಗೆ ಔಷಧಿ, ಎಲ್ಲ. ಅವಳು ಹೇಳಿದ್ದು ನನಗೆ ಬರ್ಲಿಲ್ಲ, ಹೋಗ್ಲಿ. ನಾನು ಹೇಳಿದ್ದಾದ್ರೂ ಅವಳಿಗೆ ಹೋಯ್ತಾ?”

ಅಡ್ಡಸಾಲು ನನ್ನ ಕಣ್ಣ ಮುಂದೆ ಬಂತು. ಅಮ್ಮ ಏನಾದರೂ ಹೇಳಿಕಳಿಸಿದ್ದಾಳಾ ಎಂದು ಕೇಳುತ್ತಿದ್ದಳು. ಹೋಯಿತು ಎಂದುಬಿಡು ಎಂದು ನಾಲಿಗೆ ತುದಿಗೆ ಬಂತು. ನನ್ನ ಜೀವನದಲ್ಲಿ ಅಷ್ಟು ಸುಲಭವಾದ, ಅಷ್ಟು ದಯೆಯ ಸುಳ್ಳು ಇನ್ನೊಂದಿರಲಿಲ್ಲ.

“ಇಲ್ಲ” ಎಂದೆ. “ಒಂದು ಮಾತೂ ಬರೆಯಲಿಲ್ಲ.”

ಅವಳಿಗೆ ನಾನು ಹೇಳಿದ ಮೊದಲ ನಿಜ ಅದು. ಅವಳು ಬಹಳ ಹೊತ್ತು ನನ್ನ ಬಲಗೈಯನ್ನೇ ನೋಡಿದಳು.

“ಆರು ವರ್ಷ ನನ್ನ ಮಗಳು ಮಣ್ಣಾಗ್ ಮಲಗಿದ್ಲು, ನಾನಿಲ್ಲಿ ನಗ್ತಾ ನೇಯ್ತಿದ್ದೆ. ಅವಳಿಗೆ ಅಂತ ಅಳೋದೊಂದು ನಂದಾಗಿತ್ತು, ಹೆಟ್ಟಿ. ನಿಮ್ಮೋರು ಎಲ್ಲಾನೂ ಇಟ್ಕೊಂಡ್ರಿ. ಅದನ್ನೂ ನೀನೇ ಇಟ್ಕೊಂಡೆ.”

ಆಮೇಲೆ ಕೈ ಚಾಚಿ, “ನನ್ನ ಪಟ್ಟಿ ಕೊಡು” ಎಂದಳು.

ಒಳಗೆ ಹೋಗಿ ಕಾಗದದ ಕಟ್ಟು ಬಿಚ್ಚಿ ಪಟ್ಟಿ ತಂದುಕೊಟ್ಟೆ. ಅದನ್ನು ಕೈಗೆ ಸುತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಕಂಬಳಿಯನ್ನು ಏನು ಮಾಡಿದಳೋ ನನಗೆ ಗೊತ್ತಿಲ್ಲ. ಈಗ ಟೆಕ್ಸಸ್‌ನ ಕಾಗದಗಳಿಗೆ ಅಂಗಡಿಯ ಸೆಣಬಿನ ಹುರಿ ಕಟ್ಟಿದೆ, ಮೇಷ್ಟ್ರು ಗಮನಿಸಿರಬಹುದು.

ಅವಳು ಊರು ಬಿಡಲಿಲ್ಲ. ರೈಲು ನಿಲ್ದಾಣದ ಹಿಂದೆ ಒಂದು ಗುಡಿಸಲು ಹಾಕಿಕೊಂಡು ಇಪ್ಪತ್ತಾರು ವರ್ಷ ಚಿಂದಿ ಜಮಖಾನ ನೇಯ್ದಳು. ಐವತ್ತು ದಾಟಿದ ಮೇಲೆ ಅವರ ಚರ್ಚಿನ ಶಾಲೆಗೆ ಹೋಗಿ ಅಕ್ಷರ ಕಲಿತಳು. ವರ್ಜೀನಿಯಾ ಕಡೆಯ ಪತ್ರಿಕೆಗಳಿಗೆ ತಾಯಿಯ ಹೆಸರು ಹಾಕಿ, ಕಂಡವರಿದ್ದರೆ ತಿಳಿಸಿ ಎಂದು ತಾನೇ ಬರೆದು ಕಳಿಸುತ್ತಿದ್ದಳಂತೆ. ಉತ್ತರ ಬರಲಿಲ್ಲ. ಊರಿನ ಮಂದಿಯ ಕಾಗದಗಳನ್ನೂ ಅವಳೇ ಬರೆದುಕೊಡುತ್ತಿದ್ದಳು. ಕೂತು, ಹೇಳಿದ್ದನ್ನೆಲ್ಲ ಬರೆದು, ತಿರುಗಿ ಓದಿ ಹೇಳದೆ ಲಕೋಟೆ ಅಂಟಿಸುತ್ತಿರಲಿಲ್ಲವಂತೆ. ರಸ್ತೆಯಲ್ಲಿ ಹೋಗುವಾಗ ಎಲ್ಲರಿಗೂ ಅವಳ ಹೌಡಿ ಇರುತ್ತಿತ್ತು. ಪಾದ್ರಿಗೆ, ಕಸಾಯಿಯವನಿಗೆ, ಕಟ್ಟಿಹಾಕಿದ ಹೇಸರಗತ್ತೆಗೂ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿರಲಿಲ್ಲ. ನೇರವಾಗಿ ನೋಡಿ, ಏನೂ ಹೇಳದೆ, ದಾಟಿ ಹೋಗುತ್ತಿದ್ದಳು. ಅವಳು ಸತ್ತಾಗ ನಾನು ಅವರ ಸ್ಮಶಾನದ ಬೇಲಿಯ ಹೊರಗೆ ನಿಂತು ಬಂದೆ. ಒಳಗೆ ಹೋಗಲು ಮುಖವಿರಲಿಲ್ಲ.

ಇಷ್ಟು ಕ್ರೆಸ್ಸಿಯ ಕಥೆ. ಮೇಷ್ಟ್ರೇ, ಒಂದು ಮಾತೂ ಕಳೆದುಹೋಗಿಲ್ಲ ಎಂದಿರಿ. ಆ ಸಂಗ್ರಹದಲ್ಲಿ ಇಲ್ಲದ ಒಂದು ಕಾಗದವನ್ನು ಇಲ್ಲಿ ಸೇರಿಸುತ್ತಿದ್ದೇನೆ. ಐವತ್ತು ವರ್ಷ ತಡವಾಗಿದೆ. ಲೇಖನಿಯನ್ನು ಮಸಿಯಲ್ಲಿ ಅದ್ದಿದ್ದೇನೆ, ಹಾಳೆಯಲ್ಲಿ ಬೇಕಾದಷ್ಟು ಜಾಗವಿದೆ.

ಸೇಬ್ರಾಗೆ ಅವಳ ಅಮ್ಮ ಕ್ರೆಸ್ಸಿಯ ಹೌಡಿ. ನಿನ್ನ ಹಳದಿ ಲಂಗ ಜೋಪಾನವಾಗಿ ಮಡಿಸಿಟ್ಟಿದ್ದೀನಿ, ನುಸಿ ಹಿಡಿಯದ ಹಾಗೆ ಪುದೀನದ ಸೊಪ್ಪು ಹಾಕಿದ್ದೀನಿ. ಕೆಮ್ಮು ಬಂದರೆ ಜೇನಿನಲ್ಲಿ ಈರುಳ್ಳಿ ಬೇಯಿಸಿಕೊಂಡು ಕುಡಿ. ಒದ್ದೆ ಕಾಲಲ್ಲಿ ಮಲಗಬೇಡ. ಸಂಜೆ ಲಾಳಿ ಇಟ್ಟು ಬಾಗಿಲಿಗೆ ಬಂದಾಗ ನಾನು ಪ್ರತಿ ದಿನ ನಿನ್ನನ್ನು

ಇದರ ಮುಂದೆ ಅವಳು ಇನ್ನೂ ಬಹಳ ಹೇಳಿದಳು. ನನಗೆ ಗೊತ್ತಿಲ್ಲ. ನಾನು ಕೈ ಆಡಿಸುತ್ತಿದ್ದೆ, ಕೇಳಿಸಿಕೊಳ್ಳುತ್ತಿರಲಿಲ್ಲ.